ತಾಜುದ್ದೀನರ ದೋಣಿಗೆ ತೂಕ ಯಾರು?

ಮಂಗಳವಾರ ಬೆಳಗಿನ ಐದೂವರೆ. ಹತ್ತರಗಿಯ ಹಿಂದೆ, ಹಿಡಕಲ್ ಜಲಾಶಯದ ನೀರು ಹೊಲಗಳ ನಡುವೆ ನುಗ್ಗಿ ನಿಂತಲ್ಲಿ, ತಾಜುದ್ದೀನ ತಮ್ಮ ಹರಗೋಲಿಗೆ ಕಲ್ಲು ಹೇರುತ್ತಿದ್ದಾರೆ. ಮೂರು ಕಲ್ಲು. ಬಿದಿರು ಹೆಣೆದು ಡಾಂಬರು ಬಳಿದ ಆ ದುಂಡು ಬುಟ್ಟಿಯ ಬಲಗಡೆಗೆ ಅವನ್ನು ಸರಿಸಿಟ್ಟು, ತಾವು ಎಡಗಡೆ ಮಂಡಿಯೂರುತ್ತಾರೆ. ಹೆದ್ದಾರಿಯ ಲಾರಿಗಳ ಸದ್ದು ಬಿಟ್ಟರೆ ಜೊತೆಗೆ ಯಾರೂ ಇಲ್ಲ.

ದಿನಕ್ಕೆ ಇನ್ನೂರು ಮಾರು ಬಲೆ ಎಳೆಯಬೇಕು. ಎಳೆಯಲು ಎಡಕ್ಕೆ ಬಾಗಿದರೆ ಹರಗೋಲೂ ಬಾಗುತ್ತದೆ. ಆಗ ಎದುರು ಕೂತವರು ಹಿಂದಕ್ಕೆ ಜಗ್ಗಬೇಕು. ಹಾಗೆ ಜಗ್ಗುವವರಿಗೆ ಈ ದಂಡೆಯ ಮೀನುಗಾರರು ‘ತೂಕ’ ಅನ್ನುತ್ತಾರೆ. ಬೆಳಿಗ್ಗೆ ಎದುರಾದವರು ಕೇಳುವುದೇ ಹಾಗೆ: “ಇವತ್ತ ತೂಕ ಯಾರು?” ಇಪ್ಪತ್ತಾರು ವರ್ಷ ತಾಜುದ್ದೀನರ ತೂಕ ಗೆಳೆಯ ಉದ್ದಪ್ಪ. ಎರಡು ವರ್ಷದ ಹಿಂದೆ ಉದ್ದಪ್ಪನವರ ದೃಷ್ಟಿ ಪೂರ್ತಿ ಹೋಯಿತು, ಅವರು ಮೂಡಲಗಿಯ ಮಗಳ ಮನೆ ಸೇರಿದರು. ಅಂದಿನಿಂದ ಕಲ್ಲು.

“ಕಲ್ಲ ತೂಕ ಕೊಡತೈತ್ರಿ, ಖರೆ. ಆದರ ನಾ ಬಾಗಿದ್ದು ಅದಕ್ಕ ತಿಳಿಯಂಗಿಲ್ಲ,” ಅನ್ನುತ್ತಾರೆ ತಾಜುದ್ದೀನ. ಎರಡು ಸಲ ಮಗುಚಿದ್ದಾರೆ. ಎರಡನೇ ಸಲ ಬಲೆ ಕಾಲಿಗೆ ಸುತ್ತಿಕೊಂಡಿತ್ತು. ಕೂಗಿದರೆ ಕೇಳುವಷ್ಟು ದೂರದಲ್ಲಿ ಯಾರೂ ಇರಲಿಲ್ಲ, ಅದಕ್ಕೇ ಕೂಗಲೂ ಇಲ್ಲ.

ಈಗ ಮೀನುಗಾರರ ಸಂಘ ಹಳೆಯ ಹರಗೋಲು ಒಪ್ಪಿಸಿದವರಿಗೆ ಪ್ಲಾಸ್ಟಿಕ್ಕಿನ ಕಯಾಕ್ ಎಂಬ ಕಿರಿದಾದ ಉದ್ದ ದೋಣಿ ಕೊಡುತ್ತಿದೆ. ಎರಡು ನಮೂನೆ. ಇಬ್ಬರು ಕೂರುವುದು ಹದಿಮೂರು ಅಡಿ ಉದ್ದ, ನಲವತ್ತು ಕಿಲೋ. ಒಬ್ಬರು ಕೂರುವುದು ಹತ್ತು ಅಡಿ, ಇಪ್ಪತ್ತೈದು ಕಿಲೋ. ಯಾವುದು ಬೇಕೆಂದು ಶನಿವಾರದೊಳಗೆ ಬರೆಸಬೇಕು. ಬರೆಸಿದ ಮೇಲೆ ಬದಲಿಲ್ಲ.

ಇದರಲ್ಲೇನು ಯೋಚನೆ ಅನ್ನುವವರು ತಾಜುದ್ದೀನರ ವರ್ಷವನ್ನೊಮ್ಮೆ ನೋಡಲಿ. ಮಳೆಗಾಲದಿಂದ ಫೆಬ್ರುವರಿವರೆಗೆ ಹಿನ್ನೀರು. ಅಲ್ಲಿ ಗಾಳಿ ಎದ್ದರೆ ತೆರೆ ಅಡ್ಡ ಹೊಡೆಯುತ್ತದೆ, ಇಬ್ಬರ ಭಾರ ಇದ್ದರೆ ದೋಣಿ ಮಗುಚದೆ ನಿಲ್ಲುತ್ತದೆ. ನೀರು ಇಳಿದ ಮೇಲೆ ಗೋಕಾಕದ ಕಡೆ ಘಟಪ್ರಭೆಯ ಮಡುಗಳು. ಒಂದು ಮಡುವಿನಿಂದ ಇನ್ನೊಂದಕ್ಕೆ ಬಂಡೆಗಳ ಮೇಲೆ ದೋಣಿ ಹೊತ್ತು ನಡೆಯಬೇಕು. ದೊಡ್ಡದನ್ನು ಒಬ್ಬರೇ ಹೊರಲಾಗದು. ಚಿಕ್ಕದು ತಗೊಂಡರೆ ಉದ್ದಪ್ಪನವರಿಗೆ ಜಾಗವೇ ಇಲ್ಲ. ಅದನ್ನು ತಮ್ಮ ಕೈಯಾರೆ ಬರೆಸಬೇಕಲ್ಲ ಅನ್ನುವುದೇ ಸಂಕಟ.

ಹೋದ ವಾರ ಸಂಘದ ಕಾರ್ಯದರ್ಶಿ ಶಿವಕುಮಾರ ಚಿಕ್ಕದನ್ನು ನೀರಿಗಿಳಿಸಿ ತೋರಿಸಿದ್ದರು. ದುಂಡು ಹರಗೋಲಿಗೆ ಮುಂದು ಹಿಂದು ಇಲ್ಲ. ಆ ರೂಢಿಯಲ್ಲಿ ತಾಜುದ್ದೀನ ಬಾಲದ ಕಡೆ ಮುಖ ಮಾಡಿ ಕೂತುಬಿಟ್ಟರು.

“ಕಾಕಾ, ಹೊಳ್ಳಿ ಮನೀಗಿ ಹೊಂಟೀರೇನು?” ಅಂದರು ಶಿವಕುಮಾರ. ದಂಡೆ ನಕ್ಕಿತು.

ತಿರುಗಿ ಕೂತರು. ಹತ್ತು ಮಾರು ಹೋಗಿ, ಬಲೆ ಎಳೆಯುವವರಂತೆ ಎಡಕ್ಕೆ ಬಾಗಿದರು. ಎದುರಿಗೆ ಉದ್ದಪ್ಪ ಜಗ್ಗುತ್ತಾರೆ ಎಂದು ಮೈ ನಂಬಿತ್ತು, ಪೂರ್ತಿ ಬಾಗಿದರು. ದೋಣಿ ಮಗುಚಿತು. ಮತ್ತೆ ನಗು. ನಕ್ಕವರಲ್ಲಿ ಒಬ್ಬನಾದರೂ ಈ ನೀರಿನ ಮೇಲೆ ಒಂಟಿಯಾಗಿ ಒಂದು ಬೆಳಗು ಕಳೆದಿದ್ದರೆ ಹೇಳಲಿ. ದೋಣಿಯೇ ಸರಿಯಿಲ್ಲ ಅಂತ ಯಾರೋ ಸಮಾಧಾನ ಹೇಳಿದರು.

“ದೋಣಿ ಬರೋಬರಿ ಐತಿ,” ಅಂದರು ತಾಜುದ್ದೀನ, ಅಂಗಿ ಹಿಂಡುತ್ತ. “ನನಗ ಒಬ್ಬನ ಬಾಗಾಕ ಬರಂಗಿಲ್ಲ.”

ಗುರುವಾರ ಅವರು ಮೂಡಲಗಿಯ ಬಸ್ಸು ಹತ್ತುತ್ತಾರೆ. ಉದ್ದಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದಾರೆ. ಮಗಳು ಸುಮನ ಚಹಾ ತಂದಿಡುತ್ತಾರೆ.

“ದೊಡ್ಡದ ಬರಸ್ತೇನಿ, ನೀ ಬಾ,” ಅನ್ನುತ್ತಾರೆ ತಾಜುದ್ದೀನ. “ಬಲಿ ನಾ ನೋಡತೇನಿ. ನೀ ಬರೇ ಕುಂದರು.”

ಉದ್ದಪ್ಪ ಹೊಟ್ಟೆ ತಟ್ಟಿಕೊಂಡು ನಗುತ್ತಾರೆ. “ಕಣ್ಣ ಹೋಗ್ಯಾವು. ತೂಕ ಎಲ್ಲಿ ಹೋಗೈತಿ?”

ತಾಜುದ್ದೀನರ ಮುಖ ಅರಳುತ್ತದೆ. ಅದು ಉದ್ದಪ್ಪನವರಿಗೆ ಕಾಣುವುದಿಲ್ಲ.

“ಹಂಗಾರ ಬರಸ್ಲಿ?”

“ಅದನ್ನ ಒಬ್ಬನ ಎತ್ತಾಕ ಬರತೈತೇನ ನಿನಗ?”

“ಇಲ್ಲ.”

“ಮತ್ತ ಹೊಳ್ಯಾಗಿನ ಕಲ್ಲ ಮ್ಯಾಲ ಯಾರು ಹೊರತಾರು? ಕುಡ್ಡನ ಹೆಗಲಿಗಿ ದೋಣಿ ಕೊಟ್ಟು ನಡಸ್ತಿ?” ಉದ್ದಪ್ಪನವರ ನಗು ನಿಂತಿದೆ. “ನೀರಾಗ ಬಿದ್ದರ ದಂಡಿ ಯಾವ ಕಡೆ ಐತಿ ನನಗ ತಿಳಿಯಂಗಿಲ್ಲೋ ತಾಜ್ಯಾ. ನಾ ಮುಳಗಿದರ ನೀ ಬಲಿ ಬಿಟ್ಟು ಹಾರತಿ, ಅದೂ ನನಗ ಗೊತ್ತೈತಿ. ಸಣ್ಣದ ಬರಸು.”

ತಾಜುದ್ದೀನ ಚಹಾ ಮುಟ್ಟದೆ ಎದ್ದು ಬರುತ್ತಾರೆ. ಶನಿವಾರ ಸಂಘಕ್ಕೆ ಹೋಗಿ, ಚಿಕ್ಕದು ಅಂತ ಬರೆಸುತ್ತಾರೆ. ಸಹಿ ಮಾಡಿ ಮನೆಗೆ ನಡೆಯುತ್ತಾರೆ.

ದೋಣಿ ಬಂದು ಈಗ ಹನ್ನೊಂದು ದಿನ. ಅದನ್ನು ಕೊಡುವಾಗ ಫೋಟೋಕ್ಕೆ ನಿಂತವರು ಯಾರೂ ತಿರುಗಿ ದಂಡೆಗೆ ಬಂದಿಲ್ಲ. ಬಲೆಯಿಲ್ಲದೆ ಬರಿಗೈಯಲ್ಲಿ ವಾರವಿಡೀ ತಾಜುದ್ದೀನ ತಮ್ಮಷ್ಟಕ್ಕೆ ತಾವೇ ಕಲಿತರು. ಎಡಕ್ಕೆ ಬಾಗಬಾರದು. ನೆಟ್ಟಗೆ ಕೂತು, ದೋಣಿಯ ಮೂತಿಯ ಮೇಲಿಂದ, ಎರಡು ಕಾಲುಗಳ ನಡುವೆ ಬಲೆ ಎಳೆದುಕೊಳ್ಳಬೇಕು. ಐವತ್ತೆಂಟರ ವಯಸ್ಸಿನಲ್ಲಿ ಮೈಗೆ ಹಳೆಯದನ್ನು ಮರೆಸುವುದು ಹುಡುಗಾಟವಲ್ಲ. ನಾಲ್ಕು ಸಲ ಬಿದ್ದರು.

ಇವತ್ತು ಬೆಳಿಗ್ಗೆ ಏಳಕ್ಕೆ ಅವರು ದಂಡೆಗೆ ಬಂದಾಗ ದೋಣಿಯಲ್ಲಿ ಒಂಬತ್ತು ಮೀನಿವೆ, ಎರಡು ದೊಡ್ಡ ಕಟ್ಲಾ. ದೋಣಿಯನ್ನು ಮೇಲಕ್ಕೆಳೆದು ಹಗ್ಗ ಬಿಗಿಯುತ್ತಾರೆ. ಬಿಗಿದ ಮೇಲೂ ಹೊರಡುವುದಿಲ್ಲ.

“ಇಡೀ ಬಲಿ ಒಬ್ಬನ ಎಳದೇನ್ರಿ ಇವತ್ತ,” ಅನ್ನುತ್ತಾರೆ ನಮಗೆ, ನೀರಿನ ಕಡೆ ನೋಡುತ್ತ. “ಎಲ್ಲೂ ಹೊಯ್ದಾಡಲಿಲ್ಲ. ಮುಗಿಸಿ ತಲಿ ಎತ್ತಿದರ ಹೇಳಾಕ ಯಾರೂ ಇರಲಿಲ್ಲ. ಅದಕ್ಕ ನಿಮಗ ಹೇಳಾಕತ್ತೇನಿ.”