ಅರ್ಧ ಇಂಚು ಗಿಡ್ಡ ತೋಳು

ನಮ್ಮ ಸೀನಿಯರ್ ಹಾಕುತ್ತಿದ್ದ ಕಪ್ಪು ಕೋಟಿನ ಎಡತೋಳು ಬಲತೋಳಿಗಿಂತ ಅರ್ಧ ಇಂಚು ಗಿಡ್ಡ. ವಾದದ ಭರದಲ್ಲಿ ಎರಡೂ ಕೈ ಚಾಚಿದರೆ ಎಡಗೈಯ ವಾಚು ಪೂರ್ತಿ ಹೊರಗೆ ಬರುತ್ತಿತ್ತು. ಅವರ ಎಡಗೈ ಇನ್ನೂ ಬೆಳೆಯುತ್ತಿದೆ ಎಂದು ಸಾಗರದ ವಕೀಲರೆಲ್ಲ ಗೇಲಿ ಮಾಡುತ್ತಿದ್ದರು. ಅವರೂ ಸೇರಿ ನಗುತ್ತಿದ್ದರು, ಕೋಟು ಮಾತ್ರ ಬದಲಾಯಿಸುತ್ತಿರಲಿಲ್ಲ.

ಅವರು ಸರ್ಕಾರಿ ವಕೀಲರು, ನಾನು ಅವರ ಜೂನಿಯರ್. ಶಿಕ್ಷೆಯ ವಿಷಯದಲ್ಲಿ ಅವರಿಗೆ ದಾಕ್ಷಿಣ್ಯವೆಂಬುದೇ ಇರಲಿಲ್ಲ. ಪೇಟೆಯ ದರ್ಜಿಯೊಬ್ಬ ಜಗಳದಲ್ಲಿ ಪಕ್ಕದ ಅಂಗಡಿಯವನಿಗೆ ಕತ್ತರಿಯಿಂದ ಚುಚ್ಚಿ ಒಂದು ಕಣ್ಣು ಕಳೆದಿದ್ದ. ಹೆಂಡತಿ ಮಕ್ಕಳಿದ್ದಾರೆ, ಶಿಕ್ಷೆ ಕಡಿಮೆ ಮಾಡಿ ಎಂದು ಎದುರು ವಕೀಲರು ಬೇಡಿದಾಗ, ಕಣ್ಣು ಹೋದವನಿಗೂ ಹೆಂಡತಿ ಮಕ್ಕಳಿದ್ದಾರೆ ಎಂದು ಇವರು ಎದ್ದು ನಿಂತರು. ದರ್ಜಿಗೆ ಏಳು ವರ್ಷ ಜೈಲಾಯಿತು.

ಶಿಕ್ಷೆ ಮುಗಿಸಿ ಬಂದವನು ಮತ್ತೆ ಅಂಗಡಿ ತೆರೆದ. ಊರು ಆ ಕಡೆ ತಲೆ ಹಾಕಲಿಲ್ಲ. ಕತ್ತರಿ ಇಟ್ಟುಕೊಂಡ ಅವನ ಮುಂದೆ ಅಳತೆಗೆ ನಿಲ್ಲಲು ಯಾರಿಗೆ ಧೈರ್ಯ? ಹೊಲಿಗೆ ಮಷಿನ್ ಮಾರಿ ಊರು ಬಿಡುತ್ತಾನಂತೆ ಎಂಬ ಸುದ್ದಿ ಬಂತು. ಅದೇ ವಾರ ಸೀನಿಯರ್ ಕೋಟಿನ ಬಟ್ಟೆ ಹಿಡಿದು ಅವನಲ್ಲಿಗೆ ಹೊರಟರು. ನನಗೆ ಸಿಟ್ಟು ಬಂತು. ಕಣ್ಣು ಕಳೆದುಕೊಂಡವನು ಏನಂದುಕೊಂಡಾನು ಎಂದು ಕೇಳಿಯೇಬಿಟ್ಟೆ.

"ಅವನ ಮನೆಗೆ ಹೋಗಿ ಹೇಳೇ ಬಂದಿದೀನಿ ಮಾರಾಯ್ತಿ. ನಾನಂತೂ ಬಟ್ಟೆ ಕೊಡಲ್ಲ, ನೀವು ಕೊಡೋದನ್ನ ತಡೆಯಲ್ಲ ಅಂದ. ಅವನಿಗೆ ಅಷ್ಟು ಹಕ್ಕಿದೆ. ಆದ್ರೆ ಶಿಕ್ಷೆ ಅಂದ್ಮೇಲೆ ಅದಕ್ಕೊಂದು ಕೊನೆ ಇರ್ಬೇಕು. ಕೊನೆ ಇಲ್ದಿದ್ರೆ ಅದು ಬರೀ ಹಗೆ."

ನಾನೂ ಹಿಂದೆ ಹೋದೆ. ಸಂತೆಯ ದಿನ, ಬೀದಿ ತುಂಬ ಜನ. ತನ್ನನ್ನು ಜೈಲಿಗೆ ಕಳಿಸಿದವರ ಎದೆಗೆ ಅವನು ಟೇಪು ಸುತ್ತುವುದನ್ನು ಎಲ್ಲರೂ ನಿಂತು ನೋಡಿದರು. ಅವನ ಕೈ ಗಡಗಡ ನಡುಗುತ್ತಿತ್ತು. ಎಡತೋಳು ಗಿಡ್ಡವಾದದ್ದು ಹಾಗೆ.

ಆ ಕೋಟು ಕೋರ್ಟಿಗೆ ಬಂದ ಮೇಲೆ ಗುಮಾಸ್ತರು ಬಟ್ಟೆ ಕೊಟ್ಟರು, ಆಮೇಲೆ ನಾವು ವಕೀಲರು, ನಿಧಾನಕ್ಕೆ ಪೇಟೆ. ಅಂಗಡಿ ಉಳಿಯಿತು. ತೋಳು ಸರಿಮಾಡಿಕೊಡುತ್ತೇನೆ ಎಂದು ಅವನು ಎಷ್ಟೋ ಸಲ ಗೋಗರೆದ. ಇರಲಿ ಬಿಡು, ಶಿಕ್ಷೆ ಕೇಳೋವಾಗ ನನ್ನ ಕಣ್ಣಿಗೆ ಬೀಳ್ತಿರ್ಲಿ ಎಂದು ಇವರು ಸಾಗಹಾಕುತ್ತಿದ್ದರು.

ಹೋದ ವರ್ಷ ತೀರ್ಥಹಳ್ಳಿಯಲ್ಲಿ, ಮಗಳ ಮನೆಯಲ್ಲಿ, ಅವರು ತೀರಿಕೊಂಡರು. ಮಗಳು ಕೋಟನ್ನು ನನಗೆ ಕೊಟ್ಟಳು. ಅವರು ಕೂರುತ್ತಿದ್ದ ಸರ್ಕಾರಿ ವಕೀಲರ ಕುರ್ಚಿಯಲ್ಲಿ ಈಗ ನಾನಿದ್ದೇನೆ. ಅವರಿಲ್ಲದ ಕೋರ್ಟು ನನಗೆ ಇನ್ನೂ ಒಗ್ಗಿಲ್ಲ.

ಕೋಟನ್ನು ನನ್ನ ಅಳತೆಗೆ ಬಿಡಿಸಿ ಹೊಲಿಯಲು ಅದೇ ದರ್ಜಿಗೆ ಕೊಟ್ಟೆ. ಇವತ್ತು ಊರಲ್ಲಿ ಅವನಷ್ಟು ಅಚ್ಚುಕಟ್ಟಾಗಿ ಹೊಲಿಯುವವರಿಲ್ಲ. ಹಾಕಿ ನೋಡಿದರೆ ಭುಜ, ಬೆನ್ನು ಎಲ್ಲ ಸರಿಯಾಗಿ ಕೂತಿತ್ತು. ಎಡತೋಳು ಮಾತ್ರ ಅರ್ಧ ಇಂಚು ಗಿಡ್ಡ. ಬೇಕೆಂದೇ ಮಾಡಿದಿರಾ ಎಂದು ಕೇಳಿದೆ.

"ಈಗ ಶಿಕ್ಷೆ ಕೇಳೋರು ನೀವಲ್ವಾ ಮೇಡಂ," ಎಂದ.

ಮರುದಿನ ಆ ಕೋಟನ್ನು ಹಾಗೆಯೇ ಹಾಕಿಕೊಂಡು ಕೋರ್ಟಿಗೆ ಹೋದೆ.