ಮಲಗಿಕೊಂಡೇ ಕಾರ್ಡ್ ಆರಿಸುವ ಫ್ಯಾನಕ್ಕ

ಬೆಳಕು ಈಗಷ್ಟೇ ಹರಿಯುತ್ತಿದೆ. ಬೀದಿಯಲ್ಲಿ ಯಾವ ಅಂಗಡಿಯೂ ಬಾಗಿಲು ತೆರೆದಿಲ್ಲ. ಕಂಪ್ಯೂಟರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಮೇಜಿನ ಮೇಲೊಂದು ಕಂಪ್ಯೂಟರ್ ಗುಂಯ್‌ಗುಡುತ್ತಿದೆ. ಪಕ್ಕದಲ್ಲೇ ಚಾಪೆ ಹಾಸಿ, ತೋಳನ್ನೇ ದಿಂಬು ಮಾಡಿಕೊಂಡು, ಐವತ್ತು ದಾಟಿದ ಹೆಂಗಸೊಬ್ಬರು ಕಣ್ಣು ಮುಚ್ಚಿ ಮಲಗಿದ್ದಾರೆ. ಪೇಪರ್ ಹಾಕಲು ಬಂದವನು ಇಣುಕಿ ನೋಡುತ್ತಾನೆ. "ನಿದ್ದೆ ಮಾಡೋಕೂ ಸಂಬಳ ಕೊಡ್ತಾರಾ ಅಕ್ಕಾ?"

"ಶ್! ಕೆಲಸ ಮಾಡ್ತಾ ಇದೀನಿ," ಎನ್ನುತ್ತಾರೆ ಅವರು, ಕಣ್ಣು ಬಿಡದೆ.

ಮಾತು ಸುಳ್ಳಲ್ಲ. ಆಟದ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡೇ ಜೀವ. ಪರದೆಯ ಚಿತ್ರವೆಲ್ಲ ಅದರ ದುಡಿಮೆ. ದುಡಿದಷ್ಟೂ ಅದು ಕಾಯುತ್ತದೆ, ಕಾದಷ್ಟೂ ಅದರ ಫ್ಯಾನುಗಳು ಗಿರಗಿರ ತಿರುಗುತ್ತವೆ. ಕೊಳ್ಳುವವರು ವೇಗ ಕೇಳುತ್ತಾರೆ. ಬೀದಿಗೆಲ್ಲ ಫ್ಯಾನಕ್ಕನಾದ ಇವರು ಕೇಳುವುದೇ ಬೇರೆ: "ಕಂಪ್ಯೂಟರ್ ಇಡೋ ಕೋಣೇಲಿ ಯಾರು ಮಲಗ್ತಾರೆ?"

ಮೊದಲು ಇವರು ಸೀಲಿಂಗ್ ಫ್ಯಾನ್ ಕಾರ್ಖಾನೆಯಲ್ಲಿದ್ದರು. ತಯಾರಾದ ಫ್ಯಾನಿನ ಕೆಳಗೆ ನಿಂತು, ಕಿವಿಗೊಟ್ಟು, ಸರಿಯೋ ಇಲ್ಲವೋ ಹೇಳುವುದು ಕೆಲಸ. ಕಾರ್ಖಾನೆಗೆ ಬೀಗ ಬಿತ್ತು. ಅಲ್ಲಿಯ ಗದ್ದಲಕ್ಕೆ ಎಡಗಿವಿ ಆಗಲೇ ಮಂದವಾಗಿತ್ತು. ಕೈಕಟ್ಟಿ ಕೂತಿದ್ದ ಅಕ್ಕನನ್ನು ತಮ್ಮ ತನ್ನ ಅಂಗಡಿಗೆ ಕರೆದ. "ಕಸ ಗುಡಿಸೋಕೆ ಅಂತಲೇ ಬಂದೆ. ಒಂದು ದಿನ ಮೇಜಿನ ಮೇಲಿದ್ದ ಕಾರ್ಡಿನ ಸದ್ದು ಕೇಳಿ, ಈ ಫ್ಯಾನು ಇವತ್ತೋ ನಾಳೆಯೋ ಅಂತಿದೆ ಕಣೋ ಅಂದೆ. ಸಂಜೆಗೇ ನಿಂತುಹೋಯ್ತು. ಆವತ್ತಿನಿಂದ ಪೊರಕೆ ತಮ್ಮನ ಕೈಗೆ ಹೋಯ್ತು," ಎಂದು ನಗುತ್ತಾರೆ. ಈಗ ದಿನಕ್ಕೆ ನಾಲ್ಕೈದು ಕಾರ್ಡುಗಳು ಇವರ ಬಲಗಿವಿ ದಾಟಿಯೇ ಹೊರಹೋಗುತ್ತವೆ.

ಇವತ್ತಿನದು ಕಷ್ಟದ ಕೇಸು. ಕಾಲು ಮುರಿದು ಮನೆಯಲ್ಲಿ ಕೂತ ಲಾರಿ ಡ್ರೈವರ್ ಒಬ್ಬರು ನಿನ್ನೆ ಹೆಂಡತಿಯ ಹೆಗಲು ಹಿಡಿದು ಬಂದಿದ್ದರು. ಲಾರಿ ಓಡಿಸುವ ಆಟಕ್ಕೆ ಮೂರು ಫ್ಯಾನಿನ ದೊಡ್ಡ ಕಾರ್ಡೇ ಬೇಕೆಂದು ಅವರ ಹಟ. "ಸ್ಟೇರಿಂಗ್ ಹಿಡೀದೆ ಹುಚ್ಚು ಹಿಡೀತಾ ಇದೆ ನಂಗೆ." ಹೆಂಡತಿ ಆಸ್ಪತ್ರೆಯ ನರ್ಸು. ರಾತ್ರಿಯೆಲ್ಲ ದುಡಿದು ಹಗಲು ಮಲಗುವವರು. ಇರುವುದು ಒಂದೇ ಕೋಣೆ. "ಎರಡು ಫ್ಯಾನಿನ ಸಣ್ಣದು ಸಾಕು, ಸದ್ದು ಕಮ್ಮಿ. ನಿದ್ದೆಗಣ್ಣಲ್ಲಿ ಯಾರಿಗಾದ್ರೂ ತಪ್ಪು ಇಂಜೆಕ್ಷನ್ ಕೊಟ್ರೆ ಏನು ಗತಿ?" ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಇಬ್ಬರೂ ಮುಖ ತಿರುಗಿಸಿಕೊಂಡೇ ಹೋದರು. ಆ ಜಗಳ ಫ್ಯಾನಕ್ಕನನ್ನು ರಾತ್ರಿಯೆಲ್ಲ ಕೊರೆದಿದೆ.

ಎರಡೂ ಕಾರ್ಡನ್ನು ಒಂದಾದ ಮೇಲೊಂದು ಕೂರಿಸಿ ಆಟ ಓಡಿಸಿದ್ದಾಯಿತು. ಆಶ್ಚರ್ಯ! ಎರಡರದ್ದೂ ಉಸಿರೇ ಇಲ್ಲ. "ಎರಡೂ ಬಂಗಾರ ಕಣೋ!" ಎಂದು ಕೂಗುತ್ತಾರೆ. ತಮ್ಮ ಬಂದವನು ಹಿಂದೆ ಬಗ್ಗಿ ನೋಡಿ, ಹೊಟ್ಟೆ ಹಿಡಿದು ನಗುತ್ತಾನೆ. ಪರದೆಯ ವೈರು ಕಾರ್ಡಿಗೆ ಹೋಗಿಲ್ಲ, ಮೇಲೆ ಕಂಪ್ಯೂಟರಿನದೇ ಇನ್ನೊಂದು ತೂತಿಗೆ ಹೋಗಿದೆ. ಕಾರ್ಡುಗಳು ಕೆಲಸವನ್ನೇ ಮಾಡಿಲ್ಲ.

"ಎತ್ತನ್ನ ಗೂಟಕ್ಕೆ ಕಟ್ಟಿ, ಎಷ್ಟು ಸಾಧು ಅಂತ ಹೊಗಳಿದೆಯಲ್ಲಕ್ಕಾ!"

"ಹೊಸ ಗಿರಾಕಿ ಮಾಡೋ ತಪ್ಪು ನಾನೇ ಮಾಡಿದೆ ನೋಡು," ಎಂದು ತಲೆ ಚಚ್ಚಿಕೊಂಡು, ತಾವೂ ನಗುತ್ತಾ ವೈರು ಬದಲಿಸುತ್ತಾರೆ.

ಅಷ್ಟರಲ್ಲಿ ಡ್ಯೂಟಿ ಮುಗಿಸಿದ ನರ್ಸು ಬಾಗಿಲಲ್ಲಿ ನಿಂತಿದ್ದಾರೆ. ಕಣ್ಣು ಕೆಂಪು, ಮಾತಿನಲ್ಲಿ ಸಿಡುಕು. "ಸಣ್ಣದೇ ಕೊಟ್ಟುಬಿಡಿ ಅಕ್ಕಾ. ಅವರು ಏನಾದ್ರೂ ಅನ್ಕೊಳ್ಳಲಿ."

"ನಿದ್ದೆ ನಿಮ್ಮದು ತಾಯೀ, ನನ್ನ ಕಿವಿ ಯಾಕೆ ನಂಬ್ತೀರಾ? ನೀವೇ ಮಲಗಿ ನೋಡಿ," ಎಂದು ಫ್ಯಾನಕ್ಕ ಚಾಪೆ ಬಿಟ್ಟುಕೊಡುತ್ತಾರೆ.

ನಾಚಿಕೊಂಡೇ ಮಲಗುತ್ತಾರೆ ನರ್ಸು. ಮೊದಲು ಸಣ್ಣ ಕಾರ್ಡು. ಪರದೆಯ ಲಾರಿ ಘಾಟಿ ಹತ್ತಿದಾಗ ಅದು ಏದುಸಿರು ಬಿಡುತ್ತದೆ, ಇಳಿದಾಗ ಸುಮ್ಮನಾಗುತ್ತದೆ. ಸದ್ದು ಏರಿದಾಗಲೆಲ್ಲ ಅವರ ರೆಪ್ಪೆ ತೆರೆಯುತ್ತದೆ. ಫ್ಯಾನಕ್ಕ ಕಾರ್ಡು ಬದಲಿಸುತ್ತಾರೆ. ದೊಡ್ಡದಕ್ಕೆ ಅದೇ ಘಾಟಿ ಲೆಕ್ಕಕ್ಕೇ ಇಲ್ಲ. ಏರಿನಲ್ಲೂ ಇಳಿಜಾರಿನಲ್ಲೂ ಒಂದೇ ಸಮ ಗುಂಯ್ ಎನ್ನುತ್ತದೆ.

"ಒಂದೇ ಸಮ ಬರೋ ಸದ್ದು ನಿದ್ದೆ ಕೆಡಿಸಲ್ಲ, ಏರಿಳಿಯೋ ಸದ್ದು ಕೆಡಿಸೋದು. ನಾನೂ ಸಣ್ಣದೇ ಸರಿ ಅಂದ್ಕೊಂಡಿದ್ದೆ," ಎನ್ನುತ್ತಾ ತಿರುಗಿದರೆ, ಕೇಳಬೇಕಾದವರು ಕೇಳುತ್ತಿಲ್ಲ. ಬಾಯಿ ಅರ್ಧ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಾರೆ.

ತಮ್ಮ ಶಟರ್ ಎತ್ತಲು ಹೊರಡುತ್ತಾನೆ. ಫ್ಯಾನಕ್ಕ ಅವನ ಕೈ ಹಿಡಿಯುತ್ತಾರೆ. ಅವರ ಮುಖದಲ್ಲಿ ಹಬ್ಬದಂಥ ಹಿಗ್ಗು.

"ಇವತ್ತು ಅಂಗಡಿ ಸ್ವಲ್ಪ ತಡವಾಗಿ ತೆಗಿಯೋ. ಅವರ ಯಜಮಾನರಿಗೆ ಫೋನ್ ಮಾಡಿ, ಹೆಂಡತೀನೇ ದೊಡ್ಡ ಕಾರ್ಡ್ ಆರಿಸಿದ್ರು ಅಂತ ಹೇಳು. ಮೆಲ್ಲಗೆ ಹೇಳು."