ಮಾವನ ದನಿ, ಕುಪ್ಪಿಗಿಡದ ಬೇರು

ನಾನು ಯಾರ ದನಿ ಬೇಕಾದರೂ ತೆಗೆಯುತ್ತಿದ್ದೆ. ಹರಿಹರದ ಬಸ್ಸಿನ ಕಂಡಕ್ಟರು, ರೇಡಿಯೋದಲ್ಲಿ ಗೊಬ್ಬರ ಹಾಕಲು ಹೇಳುವವರು, ಸಿಟ್ಟು ಬಂದಾಗಿನ ಅಪ್ಪ, ಹತ್ತಿ ಮಿಲ್ಲಿನ ಸೈರನ್ನು. ಯಾರೂ ಸಿಗದಿದ್ದರೆ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಬಾಗಿಲಲ್ಲಿ ನಿಂತು ಉಗ್ಗಿದ ನನ್ನನ್ನೇ ಅಣಕಿಸುತ್ತಿದ್ದೆ. ಇವೆಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಹರಿಹರದ ಮಾವನ ದನಿ. ಅವರು ತಮ್ಮ ಬೂದು ಗಂಡುಬೆಕ್ಕನ್ನು ಹಾಲಿಗೆ ಕರೆಯುತ್ತಿದ್ದ ರೀತಿ: "ಬರ್ರಿ ಸಾವ್ಕಾರ್ರೆ, ಹೊತ್ತಾತು." ನಾನು ಹಾಗೆ ಅಂದಾಗ ಮಾವನೇ ನಕ್ಕು ನಕ್ಕು ಕೆಮ್ಮುತ್ತಿದ್ದರು.

ಆ ಮಾವ ತೀರಿಕೊಂಡ ಮೇಲೆ ಅಪ್ಪ ಹೋಗಿ ಅತ್ತೆಯನ್ನು ದಾವಣಗೆರೆಯ ನಮ್ಮ ಮನೆಗೆ ಕರೆತಂದರು. ಒಂದು ಟ್ರಂಕು, ಬಾಯಿಗೆ ಬಟ್ಟೆ ಕಟ್ಟಿದ ಒಂದು ಬಿದಿರ ಬುಟ್ಟಿ. ಬುಟ್ಟಿ ಬಿಚ್ಚಿದ್ದೇ ತಡ, ಸಾವ್ಕಾರರು ಜೋಳದ ಚೀಲಗಳ ಸಂದಿಗೆ ನುಗ್ಗಿದವರು ಮೂರು ದಿನ ಹೊರಗೆ ಬರಲಿಲ್ಲ. ಇಟ್ಟ ಹಾಲು ಇಟ್ಟಲ್ಲೇ ಒಡೆಯಿತು. ಅತ್ತೆಯೂ ರೊಟ್ಟಿಯ ಚೂರು ಮುರಿದು ತಟ್ಟೆ ಸರಿಸಿಬಿಡುತ್ತಿದ್ದರು. ಅವ್ವ ಒತ್ತಾಯ ಮಾಡಿದರೆ, ಮೊದಲು ಅದು ಉಣ್ಣಲಿ ಅನ್ನುತ್ತಿದ್ದರು. ಇಬ್ಬರೂ ನಮ್ಮ ಕಣ್ಣೆದುರೇ ಸೊರಗುತ್ತಿದ್ದರು.

ನಾಲ್ಕನೇ ದಿನ ನನಗೊಂದು ಬುದ್ಧಿ ಹೊಳೆಯಿತು. ನನಗೆ ಬುದ್ಧಿ ಹೊಳೆದಾಗ ಮನೆಯವರು ಹುಷಾರಾಗಿರಬೇಕು. ಹೊರಗಿನ ಕಟ್ಟೆಯ ಮೇಲೆ ನಿಂತು, ಮಾವನ ದನಿಯಲ್ಲಿ ಸಾವ್ಕಾರರನ್ನು ಕರೆದೆ.

ಬೆಕ್ಕು ಓಡಿ ಬಂತು. ನನ್ನನ್ನು ನೋಡಿತು, ನನ್ನ ಹಿಂದೆ ನೋಡಿತು, ಆಮೇಲೆ ಹೊಸ್ತಿಲ ಮೇಲೆ ಕೂತು ಬೀದಿಯನ್ನೇ ನೋಡತೊಡಗಿತು. ಒಳಗಿಂದ ಅತ್ತೆಯೂ ಬಂದರು, ಕೈಯಲ್ಲಿ ಹಿಟ್ಟು ಹಾಗೇ, ಅವಸರದಲ್ಲಿ ತಲೆ ಮೇಲೆ ಸೆರಗು ಎಳೆದುಕೊಳ್ಳುತ್ತಾ. ನನ್ನನ್ನು ಕಂಡದ್ದೇ ಸೆರಗು ಹಿಡಿದ ಕೈ ಅಲ್ಲೇ ನಿಂತಿತು. ತಿರುಗಿ ಒಳಗೆ ಹೋದರು. ಬೆಕ್ಕು ಮಾತ್ರ ಸಂಜೆಯ ಸೈರನ್ ಕೂಗುವವರೆಗೆ ಕಾದು, ಮತ್ತೆ ಚೀಲಗಳ ಹಿಂದೆ ಸೇರಿತು.

ತಪ್ಪಾಯಿತು ಅನ್ನಬೇಕಿತ್ತು. ಊರವರ ದನಿಯೆಲ್ಲ ಬರುತ್ತಿದ್ದ ಬಾಯಿಗೆ ಅದೊಂದು ಮಾತು ಬರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆಯೇ ಕರೆದು, ಹಿತ್ತಲ ಗೋಡೆ ಬುಡದಲ್ಲಿರುವ ಕುಪ್ಪಿಗಿಡವನ್ನು ಬೇರು ಸಮೇತ ಕಿತ್ತು ತಾ ಅಂದರು. ಹೊಳೆ ದಂಡೆಯಲ್ಲಿ ಮಾವ ಅದನ್ನೇ ಕಿತ್ತು ಬೆಕ್ಕಿಗೆ ಕೊಡುತ್ತಿದ್ದರಂತೆ. ಆ ಬೇರಿನ ವಾಸನೆ ಅಂದರೆ ಅದಕ್ಕೆ ಹಬ್ಬವಂತೆ. ಪ್ರಾಯಶ್ಚಿತ್ತ ದೊಡ್ಡದಾಗಿಯೇ ಇರಲಿ ಎಂದು ನಾನು ಒಂದು ಹೊರೆ ತಂದೆ.

"ಎಮ್ಮಿಗೆ ಮೇವು ತಂದಿಯೇನ್ಲೇ?" ಅಂದರು ಅತ್ತೆ.

ಒಂದೇ ಗಿಡ ಆರಿಸಿಕೊಂಡರು. ಎಲೆಯೆಲ್ಲ ತರಿದು ದೂರ ಎಸೆದರು, ಅದು ಹೊಟ್ಟೆಗೆ ಹೋದರೆ ವಾಂತಿಯಂತೆ. ಬೇರನ್ನು ಮಣ್ಣು ಹೋಗುವಂತೆ ತೊಳೆದು, ಬೆರಳುದ್ದ ಮುರಿದು, ಚೀಲಗಳಿಂದ ಒಂದು ಮಾರು ದೂರದಲ್ಲಿಟ್ಟರು. ಹತ್ತಿರ ಸರಿಸಬಾರದು, ಕರೆಯಬಾರದು, ಅದಾಗೇ ಬರಬೇಕು. ಕೊಡುವುದೂ ಎಂಟು ದಿನಕ್ಕೊಮ್ಮೆ, ದಿನಾ ಕೊಟ್ಟರೆ ಆಮೇಲೆ ಮೂಸಿಯೂ ನೋಡುವುದಿಲ್ಲ ಅಂದರು. ಇಬ್ಬರೂ ಗೋಡೆಗೆ ಒರಗಿ ಕೂತು ಕಾದೆವು.

ಮೊದಲು ಮೂಗು ಬಂತು. ಎಷ್ಟೋ ಹೊತ್ತಿಗೆ ಒಂದು ಕಾಲು. ಬೇರನ್ನು ಮೂಸಿ, ಕೆನ್ನೆ ಉಜ್ಜಿ, ಜೊಲ್ಲು ಸುರಿಸಿ, ಅಂಗಾತ ಬಿದ್ದು ಉರುಳಾಡಿತು. ಸವರಲು ಕೈ ಚಾಚಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಈಗ ಅದಕ್ಕೆ ಯಾರೂ ಬ್ಯಾಡ, ಮುಟ್ಟಿದರೆ ಪರಚುತ್ತೆ ಅಂದರು. ಸ್ವಲ್ಪ ಹೊತ್ತಿಗೆ ಆಟ ತಾನಾಗಿ ಇಳಿಯಿತು. ಬೇರನ್ನು ಅಗಿಯಲು ಹೊರಟಾಗ "ಸಾಕು" ಎಂದು ಎತ್ತಿ ಗೋಡೆಯ ಗೂಡಿನಲ್ಲಿಟ್ಟರು.

ಬೆಕ್ಕು ಗೋಡೆ ಮೂಸುತ್ತಾ ಕೋಣೆಯನ್ನೆಲ್ಲ ಒಂದು ಸುತ್ತು ಹಾಕಿತು. ಆಮೇಲೆ ಹಾಲಿನ ಬಟ್ಟಲಿಗೆ ಬಾಯಿ ಹಾಕಿತು. ಅದು ನೆಕ್ಕುವ ಸದ್ದು ಕೇಳುತ್ತಾ ಅತ್ತೆ ಅಲ್ಲೇ ನೆಲದ ಮೇಲೆ ಕೂತು, ಅವ್ವ ಕೊಟ್ಟ ರೊಟ್ಟಿ ತಿಂದರು.

ಮಾವನ ದನಿಯನ್ನು ನಾನು ಬಿಟ್ಟೇಬಿಟ್ಟೆ. ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟು, ಎದ್ದು, ಚೀಲಗಳ ಸಂದಿ ನೋಡಿದರು. ಹಿತ್ತಲು ನೋಡಿ ಬಂದರು.

"ಅದು ಮಾಳಿಗಿ ಮ್ಯಾಲೆ ಮಲಗೈತೆ, ಅದಕ್ಕೆ ಕೇಳ್ಸಲ್ಲ. ಮೆಲ್ಲಗೆ ಒಂದ್ಸಲ ಕರಿ, ತಮ್ಮಾ."

ಯಾವ ದನಿ ಎಂದು ನಾನು ಕೇಳಲಿಲ್ಲ.

"ಬರ್ರಿ ಸಾವ್ಕಾರ್ರೆ, ಹೊತ್ತಾತು."

ಅತ್ತೆ ತಲೆ ಮೇಲೆ ಸೆರಗು ಎಳೆದುಕೊಂಡು, ಕಣ್ಣು ಮುಚ್ಚಿ ಕೂತಿದ್ದರು. ಇನ್ನೊಮ್ಮೆ ಕರೆಯಲು ನಾನು ಬಾಯಿ ತೆರೆದೆ.

"ಸಾಕು," ಅಂದರು. ಮೊರ ಎತ್ತಿಕೊಂಡರು.